ಹಿಡಿದರೆ ಮಾತ್ರ ಮಾತಾಡುವ ವೈರು

ಹೆಡ್‌ಫೋನ್ ಮಾಡುವ ಕಂಪನಿಗಳ ಬಗ್ಗೆ ನನಗೊಂದು ಗುಮಾನಿ ಇದೆ. ಅವರು ಮೊದಲು ಹೆಡ್‌ಫೋನ್ ಮಾಡುತ್ತಾರೆ. ಅದಕ್ಕೆ ಬಣ್ಣ ಹಚ್ಚುತ್ತಾರೆ, ಕಿವಿ ನೋಯದಿರಲಿ ಎಂದು ಮೆತ್ತೆ ಕೂಡಿಸುತ್ತಾರೆ, ಡಬ್ಬಿಯ ಮೇಲೆ ಹಲ್ಲು ಕಾಣುವಂತೆ ನಗುವ ಹೆಂಗಸಿನ ಚಿತ್ರ ಅಚ್ಚು ಹಾಕಿಸುತ್ತಾರೆ. ಇನ್ನೇನು ಮುಚ್ಚಳ ಮುಚ್ಚಬೇಕು ಅನ್ನುವಾಗ ಯಾರೋ ಒಬ್ಬ "ಅಯ್ಯೋ, ವೈರು!" ಅನ್ನುತ್ತಾನೆ. ಆಗ ಮೂಲೆಯಲ್ಲಿ ಬಿದ್ದಿದ್ದ ಯಾವುದೋ ದಾರಕ್ಕೆ ಎರಡೂ ಕಡೆ ಪಿನ್ನು ಸಿಗಿಸಿ ಒಳಗೆ ತುರುಕುತ್ತಾರೆ. ಅದಕ್ಕೆ ಬೇರೆ ಹಣ ಕೇಳುವುದಿಲ್ಲ, ಅಷ್ಟರಮಟ್ಟಿಗೆ ಮಾನವಂತರು.

ಇಷ್ಟು ಸಿಟ್ಟಿನಿಂದ ಬರೆಯಲು ನನಗೆ ಹಕ್ಕಿದೆ. ಎಂಬತ್ತರ ದಶಕದ ಕೊನೆಯಲ್ಲಿ ಅಂಥದೊಂದು ವೈರಿನ ತುದಿಗೆ ನನ್ನ ನೌಕರಿ ಜೋತುಬಿದ್ದಿತ್ತು.

ನನ್ನ ತವರು ಅಫಜಲಪುರ. ಕೊಟ್ಟ ಮನೆ ಆಳಂದ ತಾಲೂಕಿನ ಮಾದನಹಿಪ್ಪರಗಾ. ಮದುವೆಗೆ ಮುಂಚೆಯೇ ಮಾಸ್ತರಿಕೆಯ ಟ್ರೇನಿಂಗ್ ಮುಗಿಸಿದ್ದೆ. ಹೆಣ್ಣು ನೋಡಲು ಬಂದಾಗ ಬೀಗರು "ಓದಿದ ಹುಡುಗಿ, ಛಲೋ ಆಯ್ತು" ಎಂದು ತಲೆಯಾಡಿಸಿದ್ದರು. ಓದಿದ ಹುಡುಗಿ ಮನೆಗೆ ಬಂದು ಏನು ಮಾಡಬೇಕು ಎಂಬುದನ್ನು ಯಾರೂ ಹೇಳಿರಲಿಲ್ಲ. ಬಂದ ಮೇಲೆ ಗೊತ್ತಾಯಿತು, ಜೋಳದ ರೊಟ್ಟಿ ಬಡಿಯಬೇಕು. ಟ್ರೇನಿಂಗ್ ಆದವರು ಬಡಿದರೂ ರೊಟ್ಟಿ ದುಂಡಗೇ ಬರುತ್ತದೆ ಎಂದು ಅತ್ತೆ ಓಣಿಯ ಹೆಂಗಸರಿಗೆ ಹೆಮ್ಮೆಯಿಂದ ಹೇಳುತ್ತಿದ್ದರು.

ಆ ಮನೆಯಲ್ಲಿ ಎಲ್ಲ ತೀರ್ಮಾನವೂ ನನ್ನ ಮಾವನದು. ಹೊಲದಲ್ಲಿ ತೊಗರಿ ಹಾಕಬೇಕೋ ಕಡಲೆ ಹಾಕಬೇಕೋ, ಎಮ್ಮೆ ಕೊಳ್ಳಬೇಕೋ ಮಾರಬೇಕೋ, ಅವರು ಹೂಂ ಅಂದರೆ ಆಯಿತು. ತೊಂದರೆ ಒಂದೇ. ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಅದನ್ನು ಅವರು ಒಪ್ಪುತ್ತಿರಲಿಲ್ಲ. "ಈಗಿನ ಮಂದಿ ಬಾಯಿ ತುಂಬ ಮಾತಾಡಂಗಿಲ್ಲ" ಎಂದು ಊರಿಗೆ ಊರನ್ನೇ ಬೈಯುತ್ತಿದ್ದರು. ಕೇಳದ ಮಾತಿಗೆಲ್ಲ ಅವರ ಹತ್ತಿರ ಒಂದೇ ಉತ್ತರ ಇತ್ತು: "ನೋಡೋಣು." ಹಿಟ್ಟು ಮುಗಿದಿದೆ ಎಂದರೂ ನೋಡೋಣು, ಎತ್ತು ಕಣ್ಣಿ ಕಿತ್ತುಕೊಂಡು ಓಡಿಹೋಯಿತು ಎಂದರೂ ನೋಡೋಣು.

ಅವರಿಗೆ ಕೇಳಿಸಬೇಕೆಂದರೆ ಒದರಬೇಕು. ಮಾವ ದಿನವೆಲ್ಲ ಕೂಡುವುದು ಪಡಸಾಲೆಯಲ್ಲಿ ಹಗ್ಗ ಹೆಣೆದ ಹೊರಸಿನ ಮೇಲೆ. ಪಡಸಾಲೆಯ ಬಾಗಿಲು ತೆರೆಯುವುದು ಓಣಿಗೆ. ಹಾಗಾಗಿ ನಮ್ಮ ಮನೆಯ ವಿಷಯ ಮಾವನ ಕಿವಿಗೆ ಮುಟ್ಟುವ ಮೊದಲು ಎಲ್ಲ ಮನೆಗಳನ್ನೂ ಹಾದು ಬರುತ್ತಿತ್ತು. ಮಾವ ಹೂಂ ಅನ್ನಬೇಕೋ ಊಹೂಂ ಅನ್ನಬೇಕೋ ಎಂಬುದನ್ನು ಓಣಿಯವರು ಅಷ್ಟರೊಳಗೆ ತೀರ್ಮಾನ ಮಾಡಿ, ಕಟ್ಟೆಗೆ ಬಂದು ಕೂತಿರುತ್ತಿದ್ದರು.

ನಾನಂತೂ ಒದರುವ ಪ್ರಶ್ನೆಯೇ ಇರಲಿಲ್ಲ. ಸೊಸೆಯಾದವಳು ಮಾವನ ಎದುರು ನಿಲ್ಲಬಾರದು, ಮಾತಾಡಬಾರದು, ಸೆರಗು ಹಣೆಯಿಂದ ಸರಿಯಬಾರದು. ಊಟಕ್ಕೆ ಕರೆಯಬೇಕಾದರೆ ಕಂಬದ ಮರೆಯಲ್ಲಿ ನಿಂತು, ಅಂಗಳದ ಎಮ್ಮೆಗೆ ಹೇಳುವಂತೆ "ತಾಟು ಹಾಕೇದಂತ" ಎನ್ನಬೇಕು. ಕಿವಿ ಕೇಳುವ ಮಾವಂದಿರ ಮನೆಯಲ್ಲಿ ಈ ಪದ್ಧತಿ ನಡೆಯುತ್ತದೆ. ನಮ್ಮ ಮನೆಯಲ್ಲಿ ನಾನು ಹೇಳಿದ್ದು ಎಮ್ಮೆಗೆ ಮಾತ್ರ ಕೇಳುತ್ತಿತ್ತು. ಅದು ಒಂದು ದಿನವೂ ಊಟಕ್ಕೆ ಬರಲಿಲ್ಲ.

ಹೀಗಿರುವಾಗ ನಾದಿನಿಯ ಗಂಡ ಮಸ್ಕತ್ತಿನಿಂದ ರಜೆಗೆ ಬಂದರು. ಎಲ್ಲರಿಗೂ ಒಂದೊಂದು ತಂದಿದ್ದರು. ಅತ್ತೆಗೆ ಹುಲಿಯ ಚಿತ್ರದ ರಗ್ಗು, ನನ್ನ ಗಂಡನಿಗೆ ಮೂಗು ಹಿಡಿಯುವಂಥ ಸೆಂಟು. ಮಾವನಿಗೆ ಇಟ್ಟಂಗಿಯಷ್ಟು ದಪ್ಪನೆಯ ಟೇಪ್ ರೆಕಾರ್ಡರು, ಅದರ ಜೊತೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು. ವೈರು ಬೇರೆ, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದರು. ನೋಡಿದ ಕೂಡಲೇ ಅತ್ತೆ, "ಇದೇನ್ರಿ ಅಳಿಯಂದಿರ, ಶಾವಿಗಿ ಎಳಿ ಇದ್ದಂಗ ಅದ" ಎಂದರು. ಅಳಿಯಂದಿರು ನಕ್ಕು, "ಫಾರಿನ್ ಮಾಲು ಹಂಗ ಇರ್ತದ್ರಿ, ಸಣ್ಣದ ಗಟ್ಟಿ" ಎಂದರು. ಮಸ್ಕತ್ತಿಗೆ ಹೋಗಿ ಬಂದವರ ಮಾತಿಗೆ ಎದುರಾಡುವ ಧೈರ್ಯ ಮಾದನಹಿಪ್ಪರಗಾದಲ್ಲಿ ಯಾರಿಗಿತ್ತು?

ಶ್ರಾವಣ ಬಂತು. ಮಠದಲ್ಲಿ ಪುರಾಣ ಶುರುವಾಯಿತು. ಅದುವರೆಗೆ ಮಾವ ಪುರಾಣಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕೂತು, ಬೇರೆಯವರು ನಕ್ಕಾಗ ನಕ್ಕು, ಕೈ ಮುಗಿದಾಗ ಕೈ ಮುಗಿದು ಬರುತ್ತಿದ್ದರು. ಆ ವರ್ಷ ನನ್ನ ಗಂಡ ಟೇಪ್ ರೆಕಾರ್ಡರನ್ನು ಮೈಕಿನ ಡಬ್ಬಿಯ ಮುಂದಿಟ್ಟು ಪುರಾಣ ತುಂಬಿಕೊಂಡು ಬಂದರು. ಮರುದಿನ ಹೆಡ್‌ಫೋನನ್ನು ಮಾವನ ತಲೆಗೆ ಏರಿಸಿ ಆವಾಜು ಪೂರ್ತಿ ತಿರುವಿದರು. ಮಾವ ಮೊದಲು ಬೆಚ್ಚಿದರು. ಆಮೇಲೆ ಎರಡೂ ಕೈಯಿಂದ ಹೆಡ್‌ಫೋನು ಒತ್ತಿ ಹಿಡಿದು ಕೂತರು. ಪುರಾಣ ಹೇಳುವ ಶಾಸ್ತ್ರಿಗಳು ಜೋಕು ಹೇಳಿದಾಗ, ಯಾರ ಮುಖವನ್ನೂ ನೋಡದೆ, ತಾವೊಬ್ಬರೇ ನಕ್ಕರು. ಅತ್ತೆ ಅಡುಗೆ ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರ ಕಣ್ಣು ತುಂಬಿತ್ತು. ನನಗೂ ಅವತ್ತು ಆ ಕಂಪನಿಯವರನ್ನು ಹರಸುವ ಮನಸ್ಸಾಯಿತು.

ಹರಸಿದ್ದು ಸ್ವಲ್ಪ ಅವಸರವಾಯಿತು. ದಸರೆಗೆ ಮೊದಲೇ ವೈರು ಕೈಕೊಟ್ಟಿತು. ಹೆಡ್‌ಫೋನು ಗುಂಡುಕಲ್ಲಿನಂತಿತ್ತು, ಟೇಪಿಗೂ ಏನೂ ಆಗಿರಲಿಲ್ಲ. ನಡುವಿನ ಈ ಮಹಾರಾಯ ಮಾತ್ರ ಪಿನ್ನಿನ ಬುಡದಲ್ಲಿ ಒಳಗೊಳಗೇ ಹರಿದುಕೊಂಡಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು. ನನ್ನ ಗಂಡ ಅದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದರು, ಲಾಡಿಯಿಂದ ಬಿಗಿದರು, ಮೇಣ ಕರಗಿಸಿ ಹಾಕಿದರು. ಅಮಾವಾಸ್ಯೆಯ ದಿನ ಅತ್ತೆ ವಿಭೂತಿ ಹಚ್ಚಿದರು. ಯಾವುದಕ್ಕೂ ಅದು ಬಗ್ಗಲಿಲ್ಲ. ಆದರೆ ಪಿನ್ನಿನ ಹತ್ತಿರ ವೈರನ್ನು ಒಂದು ನಮೂನೆ ಡೊಂಕು ಮಾಡಿ, ಹೆಬ್ಬೆರಳಿಂದ ಒತ್ತಿ ಹಿಡಿದರೆ ಪುರಾಣ ಬರುತ್ತಿತ್ತು. ಬೆರಳು ಜರಾ ಸಡಿಲಾದರೆ ಶಾಸ್ತ್ರಿಗಳು ಅರ್ಧ ಮಾತಿಗೆ ಎದ್ದುಹೋಗುತ್ತಿದ್ದರು.

ಅಂದರೆ ಮಾವ ಪುರಾಣ ಕೇಳಬೇಕಾದರೆ ಪಕ್ಕದಲ್ಲಿ ಒಬ್ಬರು ಕೂತು ವೈರು ಹಿಡಿಯಬೇಕು. ಮಾವನ ಕೈಬೆರಳು ಸಂಧಿವಾತದಿಂದ ಸೆಟೆದಿದ್ದವು, ಅವರಿಂದ ಆಗುತ್ತಿರಲಿಲ್ಲ. ಗಂಡ ಎರಡು ಸಂಜೆ ಹಿಡಿದು, ಹೊಲದಲ್ಲಿ ಕೆಲಸ ಅದ ಎಂದು ಪಾರಾದರು. ಹೊಲದ ಮೇಲೆ ಅವರಿಗೆ ಅಷ್ಟು ಪ್ರೀತಿ ಇರುವುದು ನನಗೆ ಅವತ್ತೇ ತಿಳಿದದ್ದು. ಅತ್ತೆಯನ್ನು ಕೇಳಿದರೆ ಅವರು ಕೈಯಲ್ಲಿದ್ದ ಮೊರವನ್ನೇ ಕೆಳಗಿಟ್ಟರು.

"ಹಗಲ ಹೊತ್ತಿನ್ಯಾಗ ಅವರ ಬಾಜೂಕ ಕೂಡ್ಲೇನು? ಮಂದಿ ಏನಂದಾರು?"

ಇಷ್ಟು ವರ್ಷದ ಸಂಸಾರದಲ್ಲಿ ಅವರು ಗಂಡನ ಹೊರಸಿನ ಮೇಲೆ ಹಗಲಲ್ಲಿ ಕೂತಿದ್ದೇ ಇಲ್ಲವಂತೆ. ಮಾತು ಕೂಡ ಗೋಡೆಗೆ ಮುಖ ಮಾಡಿಯೇ ಆಡುವುದು. ಈಗ ಅವರ ಒದರಾಟವೂ ಗೋಡೆಗೇ.

ಉಳಿದವಳು ನಾನು. ಓಣಿಯ ಹಿರಿಯ ಹೆಂಗಸರಲ್ಲಿ ಇದರ ಬಗ್ಗೆ ದೊಡ್ಡ ಚರ್ಚೆ ನಡೆಯಿತು. ಸೊಸೆ ಮಾವನ ಎದುರು ಮಾತಾಡಬಾರದು, ಮುಖ ತೋರಿಸಬಾರದು, ಸರಿ. ವೈರು ಹಿಡಿಯಬಾರದು ಎಂದು ಹಿಂದಿನವರು ಎಲ್ಲೂ ಹೇಳಿಲ್ಲವಲ್ಲ! ಕೊನೆಗೆ ಒಂದು ಉಪಾಯ ಮಾಡಿದರು. ಪಡಸಾಲೆಯ ಕಂಬದ ಆಚೆ ಹೊರಸು, ಹೊರಸಿನ ತುದಿಗೆ ಟೇಪು. ಕಂಬದ ಈಚೆ ನೆಲದ ಮೇಲೆ ನಾನು, ಮಾವನಿಗೆ ಬೆನ್ನು ಮಾಡಿ, ಸೆರಗು ಮೂಗಿನವರೆಗೆ ಎಳೆದುಕೊಂಡು. ಬಲಗೈ ಮಾತ್ರ ಕಂಬವನ್ನು ಬಳಸಿ ಹೋಗಿ ವೈರು ಹಿಡಿಯುವುದು. ಪದ್ಧತಿಯೂ ಉಳಿಯಿತು, ಪುರಾಣವೂ ನಡೆಯಿತು. ನನ್ನ ರಟ್ಟೆಯ ಬಗ್ಗೆ ಹಿಂದಿನವರು ಏನೂ ಹೇಳಿರಲಿಲ್ಲವಾದ್ದರಿಂದ ಅದನ್ನು ಯಾರೂ ಕೇಳಲಿಲ್ಲ.

ಹೀಗೆ ದಿನಾ ಸಂಜೆ ಕೂತು ಕೂತು ನಮ್ಮಿಬ್ಬರ ನಡುವೆ ಒಂದು ರೂಢಿ ಬೆಳೆಯಿತು. ಆವಾಜು ಹೋದರೆ ಮಾವ ಕಂಬವನ್ನು ಬೆರಳಿನಿಂದ ಟಕ್ ಎಂದು ಬಡಿಯುವರು. ನಾನು ಹೆಬ್ಬೆರಳು ಸರಿಸುವೆ. ಮುಖ ನೋಡದ, ಮಾತಾಡದ ಮನುಷ್ಯನ ಜೊತೆ ಅದೊಂದೇ ವ್ಯವಹಾರ. ಕೆಲವು ಸಲ ಅವರು ನಗುವಾಗ ಹೊರಸು ಅಲುಗಿ ವೈರಿನ ಮೂಲಕ ನನ್ನ ಬೆರಳಿಗೆ ಗೊತ್ತಾಗುತ್ತಿತ್ತು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಹಾಗೆ.

ದೀಪಾವಳಿ ಆದ ಮೇಲೆ ನನ್ನ ನೌಕರಿಯ ಆರ್ಡರ್ ಬಂತು. ಜೇವರ್ಗಿ ತಾಲೂಕಿನಲ್ಲಿ, ಅಂದೋಲಾದ ಹತ್ತಿರದ ಒಂದು ಹಳ್ಳಿಯ ಶಾಲೆ. ತಿಂಗಳ ಕೊನೆಯೊಳಗೆ ಹಾಜರಾಗಬೇಕು, ಇಲ್ಲದಿದ್ದರೆ ಹೋಯಿತು. ನಾನು ಆ ನೌಕರಿಗಾಗಿ ಹಗಲೂ ರಾತ್ರಿ ಹಂಬಲಿಸುತ್ತಿದ್ದೆ. ಗಂಡನನ್ನು ಕೇಳಿದೆ. "ನನ್ನದೇನಿಲ್ಲ, ಅಪ್ಪ ಹೂಂ ಅನಬೇಕು" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಅತ್ತೆಯನ್ನು ಕೇಳಿದೆ. "ನನ್ನದೇನಿಲ್ಲವ್ವಾ, ಅವರು ಹೂಂ ಅಂದ್ರ ಆಯ್ತು." ಯಾರದೂ ಏನೂ ಇರಲಿಲ್ಲ. ಇದ್ದದ್ದೆಲ್ಲ ಕಿವಿ ಕೇಳದ ಆ ಒಬ್ಬರದು.

"ಹಂಗಾದ್ರ ನೀವ ಕೇಳ್ರಿ ಅವರನ್ನ," ಎಂದೆ ಗಂಡನಿಗೆ.

"ಒದರಬೇಕಲ್ಲ ಬೇ! ಓಣಿಗೆಲ್ಲ ಕೇಳ್ತದ. 'ಸೊಸಿ ದುಡದು ತರಬೇಕೇನ್ರಿ, ನಿಮ್ಮ ಮನಿಗೇನ್ ಕಮ್ಮಿ ಆಗ್ಯಾದ' ಅಂತ ಯಾರರೆ ಒಬ್ಬರು ಅಂದ್ರ ಮುಗೀತು, ಅಪ್ಪ ಊಹೂಂ ಅಂದುಬಿಡ್ತಾನ." ಆಮೇಲೆ ಬಹಳ ಬುದ್ಧಿ ಖರ್ಚು ಮಾಡಿ ಇನ್ನೊಂದು ದಾರಿ ಹೇಳಿದರು. "ಒಂದ್ ಕೆಲಸ ಮಾಡೋಣು. ಮೆಲ್ಲಕ ಕೇಳ್ತೇನಿ. ನೋಡೋಣು ಅಂತಾನ. ಅದನ್ನ ಹೂಂ ಅಂತ ತಿಳ್ಕೊಂಡು ನೀ ಹೋಗಿಬಿಡು."

ನನಗೆ ಆ ಕಳ್ಳ ಹೂಂ ಬೇಡವಾಗಿತ್ತು. ಹಿಂದೊಮ್ಮೆ ಪಕ್ಕದ ಮನೆಯವರು ಹಾಗೆಯೇ ನೋಡೋಣು ಅನ್ನಿಸಿಕೊಂಡು ತಮ್ಮ ಎಮ್ಮೆಯನ್ನು ನಮ್ಮ ಹಿತ್ತಲಲ್ಲಿ ಕಟ್ಟಿದ್ದರು. ಮಾವನ ಕಣ್ಣಿಗೆ ಬಿದ್ದ ದಿನವೇ ಎಮ್ಮೆ ಓಣಿಯ ಪಾಲಾಯಿತು. ನನ್ನನ್ನೂ ತಿಂಗಳೊಪ್ಪತ್ತಿನಲ್ಲಿ ಹಾಗೆ ಬಿಚ್ಚಿ ತರುವುದು ಬೇಡ. ಅವರು ಕೇಳಿಸಿಕೊಂಡು ಹೇಳಬೇಕು. ಇಲ್ಲ ಅಂದರೂ ಕೇಳಿಸಿಕೊಂಡೇ ಅನ್ನಬೇಕು.

ಆಗ ನನ್ನ ಕಣ್ಣು ಟೇಪಿನ ಕೆಂಪು ಗುಂಡಿಯ ಮೇಲೆ ಬಿತ್ತು. ಮಾತು ತುಂಬಿಕೊಳ್ಳುವ ಗುಂಡಿ ಅದು. ಪುರಾಣದ ಒಂದು ಕ್ಯಾಸೆಟ್ಟಿನಲ್ಲಿ ಮಂಗಳಾರತಿ ಮುಗಿದ ಮೇಲೆ ಖಾಲಿ ಜಾಗ ಇತ್ತು. ಒಂದು ದಿನ ಮಾವನೂ ಸೇರಿ ಎಲ್ಲರೂ ಹೊಲಕ್ಕೆ ಹೋದಾಗ ದೇವರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತು, ಗುಂಡಿ ಒತ್ತಿದೆ. ಅಡ್ಡಗೋಡೆಯ ಆಚೆ ಪಕ್ಕದ ಮನೆಯಾಕೆ ರೊಟ್ಟಿ ಬಡಿಯುತ್ತಿದ್ದಳು, ಅದಕ್ಕೇ ಮೆಲ್ಲಗೆ ಹೇಳಿದೆ.

"ಮಾವಾರ್ರೀ, ನಾ ನಿಮ್ಮ ಸೊಸಿ ಮಾತಾಡಾಕತ್ತೇನಿ. ನಿಮ್ಮ ಮುಂದ ನಿಂತು ಮಾತಾಡಬಾರದಂತ, ಅದಕ್ಕ ಇದರಾಗ ಹೇಳಾಕತ್ತೇನ್ರಿ. ನನಗ ಸಾಲಿ ನೌಕರಿ ಬಂದದ. ಜೇವರ್ಗಿ ಕಡೆ. ಅಲ್ಲೇ ಖೋಲಿ ಮಾಡ್ಕೊಂಡು ಇರಬೇಕಾಗ್ತದ, ಶನಿವಾರಕ್ಕೊಮ್ಮೆ ಬರ್ತೇನಿ. ಎಲ್ಲಾರೂ ನಿಮ್ಮ ಕಡೆ ಕೈ ಮಾಡ್ತಾರ. ನೀವು ನೋಡೋಣು ಅನಬ್ಯಾಡ್ರಿ. ಹೂಂ ಅಂದ್ರ ಹೂಂ ಅನ್ರಿ, ಇಲ್ಲಂದ್ರ ಇಲ್ಲ ಅನ್ರಿ. ನನಗ ಹೋಗಬೇಕಾಗೇದ್ರಿ. ಭಾಳ ಹೋಗಬೇಕಾಗೇದ."

ಗಂಡನಿಗೂ ಹೇಳಲಿಲ್ಲ. ಸಂಜೆ ಆ ಕ್ಯಾಸೆಟ್ಟನ್ನೇ ಹಾಕಿಟ್ಟೆ. ಮಾವ ಬಂದು ಹೆಡ್‌ಫೋನು ಏರಿಸಿಕೊಂಡು ಗುಂಡಿ ಒತ್ತಿದರು. ಆಗಲೇ ನನಗೆ ಹೊಳೆದದ್ದು. ನನ್ನ ಅರ್ಜಿ ನಾನೇ ಓದಿದ್ದಲ್ಲದೆ, ಅದು ಅವರ ಕಿವಿ ಮುಟ್ಟುವವರೆಗೆ ವೈರನ್ನೂ ನಾನೇ ಹಿಡಿದು ಕೂಡಬೇಕು! ಒಳ್ಳೆಯ ವೈರು ಇದ್ದಿದ್ದರೆ ಅಡುಗೆ ಮನೆಯಲ್ಲಿ ಅವಿತು ಕೂಡಬಹುದಿತ್ತು. ಕಂಪನಿಯವರು ಆ ಅನುಕೂಲವನ್ನೂ ಉಳಿಸಿರಲಿಲ್ಲ.

ಪುರಾಣ ಎಂದೂ ಅಷ್ಟು ಉದ್ದ ಅನಿಸಿರಲಿಲ್ಲ. ಹೆಡ್‌ಫೋನಿನಿಂದ ಸಣ್ಣಗೆ ಸೋರಿಬರುವ ಸದ್ದಿನ ಮೇಲೆ ಕಿವಿ ಇಟ್ಟಿದ್ದೆ. ಮಂಗಳಾರತಿಯ ಗಂಟೆ ಬಂತು, ಜೈಕಾರ ಬಂತು, ಸ್ವಲ್ಪ ಹೊತ್ತು ಬರೀ ಸುರ್ ಎಂಬ ಸದ್ದು. ಮಾವ ಟೇಪು ನಿಲ್ಲಿಸಲು ಬಾಗಿದ್ದು ಹೊರಸಿನ ಸಪ್ಪಳದಿಂದ ಗೊತ್ತಾಯಿತು. ಅಷ್ಟರಲ್ಲಿ ನನ್ನ ದನಿ ಶುರುವಾಯಿತು. ಹೊರಸು ಸುಮ್ಮನಾಯಿತು.

ನನ್ನ ಹೆಬ್ಬೆರಳು ಜಾರಿ ಆವಾಜು ಕಡಿದುಹೋಯಿತು. ಆ ಕ್ಷಣಕ್ಕೆ ನನಗೆ ಒಳಗೇ ಸಮಾಧಾನವಾಯಿತೆಂದರೆ ನಂಬಿ. ಹೋಗಲಿ, ಕೇಳದಿದ್ದರೆ ಕೇಳದೇ ಇರಲಿ, ಎದ್ದು ಒಳಗೆ ಓಡಿಬಿಡೋಣ ಅನಿಸಿತು.

ಕಂಬದ ಮೇಲೆ ಟಕ್ ಎಂದಿತು.

ನಾನು ಅಲುಗಲಿಲ್ಲ. ಇನ್ನೊಮ್ಮೆ ಟಕ್ ಟಕ್ ಎಂದು ಜೋರಾಗಿ ಬಡಿದರು. ಮಾವ ಟೇಪನ್ನು ಹಿಂದಕ್ಕೆ ತಿರುಗಿಸಿದ ಸಪ್ಪಳವಾಯಿತು. ನಾನು ಬೆರಳು ಊರಿದೆ, ಉಗುರು ಬೆಳ್ಳಗಾಗುವಷ್ಟು ಒತ್ತಿ ಹಿಡಿದೆ. ನನ್ನ ಮಾತು ಮೊದಲಿನಿಂದ ಕೊನೆಯವರೆಗೆ ಅವರ ಕಿವಿಗೆ ಹೋಯಿತು. ಕ್ಯಾಸೆಟ್ಟು ಮುಗಿದು ಗುಂಡಿ ತಾನಾಗಿ ಮೇಲೆದ್ದಿತು. ಮಾವ ಹೆಡ್‌ಫೋನು ತೆಗೆದರು. ಆಮೇಲೆ ಮಾತಾಡಿದರು.

ಇಲ್ಲಿ ನಾನು ಮರೆತಿದ್ದ ಒಂದು ಸಂಗತಿ ಇದೆ. ಕಿವಿ ಕೇಳದವರಿಗೆ ಬೇರೆಯವರ ಮಾತು ಮಾತ್ರವಲ್ಲ, ತಮ್ಮ ಮಾತೂ ಕೇಳುವುದಿಲ್ಲ. ನಾನು ಅಷ್ಟು ಗುಟ್ಟಾಗಿ ದೇವರ ಕೋಣೆಯಲ್ಲಿ ಪಿಸುಗುಟ್ಟಿದ್ದಕ್ಕೆ ಮಾವ ಊರಿಗೆಲ್ಲ ಡಂಗುರ ಸಾರಿದಂತೆ ಉತ್ತರ ಕೊಟ್ಟರು.

"ಯವ್ವಾ! ಜೇವರ್ಗಿ ಕಡೆ ಅಂದ್ರ ದೂರ ಆಯ್ತಲ್ಲ! ಖೋಲಿ ಸಿಗ್ತದೇನು? ನೀರಿಂದ ಹ್ಯಾಂಗ?"

ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಓಣಿಯ ಕಟ್ಟೆಯ ಮೇಲಿನ ಮಾತೂ ನಿಂತಿತು. ನನಗೆ ಬಾಯಿ ತೆರೆಯುವಂತಿರಲಿಲ್ಲ, ತೆರೆದರೂ ಅವರಿಗೆ ಕೇಳುತ್ತಿರಲಿಲ್ಲ.

"ಹೋಗು! ನೋಡೋಣು ಅನ್ನಾಕತ್ತಿಲ್ಲ ನಾ. ಹೂಂ ಅಂದೇನಿ. ಹೂಂ! ಕೇಳ್ತೇನು?" ಎಂದವರು ಇನ್ನಷ್ಟು ಜೋರಾಗಿ, "ಇಷ್ಟ್ ಹೇಳಾಕ ಆ ಡಬ್ಬಿ ಒಳಗ ಹೊಕ್ಕೊಬೇಕಿತ್ತೇನವ್ವಾ?" ಎಂದರು.

ಸೆರಗಿನೊಳಗೆ ನನ್ನ ಕಣ್ಣೀರು ಇಳಿಯುತ್ತಿತ್ತು. ಉತ್ತರಕ್ಕೆ ಬೇರೆ ದಾರಿ ತಿಳಿಯದೆ ವೈರನ್ನು ಒಮ್ಮೆ ಮೆಲ್ಲಗೆ ಜಗ್ಗಿದೆ. ಅಷ್ಟಕ್ಕೇ ಅದು ಟೇಪಿನಿಂದ ಕಳಚಿ ಕೈಗೆ ಬಂತು. ಅದರ ಯೋಗ್ಯತೆಯೇ ಅಷ್ಟು.

ಊರೆಲ್ಲ ಕೇಳುವಂತೆ ಹೇಳಿದ ಹೂಂಗೆ ಎದುರಾಡುವವರು ಯಾರೂ ಇರಲಿಲ್ಲ. ಕಟ್ಟೆಯ ಮೇಲಿದ್ದವರೇ ಬಸ್ಸಿನ ಸಮಯ ಹೇಳಿ ಹೋದರು. ಅತ್ತೆ ಮಾತ್ರ ಅಡುಗೆ ಮನೆಯಿಂದ ಬಂದು ಗೋಡೆಗೆ ಮುಖ ಮಾಡಿ ನಿಂತು ಒದರಿದರು, "ಆಕಿ ಹೋದ್ರ ವೈರ್ ಯಾರು ಹಿಡೀಬೇಕ್ರಿ?"

"ನೀ ಹಿಡಿ!"

"ಮಂದಿ ಮುಂದ? ಹಗಲ ಹೊತ್ತಿನ್ಯಾಗ? ಈ ವಯಸ್ಸಿಗೆ?"

ಅದು ಮಾವನಿಗೆ ಕೇಳಿತೋ ಇಲ್ಲವೋ, ದೇವರೇ ಬಲ್ಲ. "ನೋಡೋಣು" ಎಂದರು.

ನಾನು ಜೇವರ್ಗಿಗೆ ಹೋದೆ. ಮೊದಲ ಪಗಾರ ಬಂದ ಕೂಡಲೇ ಕಲಬುರ್ಗಿಯಲ್ಲಿ ಬಸ್ಸು ಬದಲಿಸುವಾಗ ಒಂದು ರೇಡಿಯೋ ಅಂಗಡಿಗೆ ಹೋಗಿ ಒಳ್ಳೆಯ ವೈರು ಕೊಂಡೆ. ಮೈಕಿಗೆ ಹಾಕುವಂಥ ದಪ್ಪನೆಯ ವೈರಿಗೆ ಎರಡೂ ಕಡೆ ಬೇಕಾದ ಪಿನ್ನು ಹಾಕಿಸಿದೆ. ಜಗ್ಗಿ ನೋಡಿದೆ, ತಿರುಚಿ ನೋಡಿದೆ, ಎತ್ತು ಕಟ್ಟಿದರೂ ತಾಳುವಂತಿತ್ತು. ಮಸ್ಕತ್ತಿನ ಮಾಲಿನ ಸೊಕ್ಕು ಮುರಿಯುವ ಹುರುಪಿನಲ್ಲಿ ಶನಿವಾರ ಮಾದನಹಿಪ್ಪರಗಾದಲ್ಲಿ ಇಳಿದೆ.

ಓಣಿಯಿಂದಲೇ ಪಡಸಾಲೆ ಕಂಡಿತು. ಹೊರಸಿನ ಮೇಲೆ ಮಾವ, ಅವರ ಪಕ್ಕದಲ್ಲೇ, ಕಂಬದ ಆಚೆಯಲ್ಲ, ಅತ್ತೆ. ಹೆಡ್‌ಫೋನನ್ನು ಅಗಲಿಸಿ ತಿರುವಿ, ಒಂದು ಬಟ್ಟಲು ಮಾವನ ಕಿವಿಗೆ, ಇನ್ನೊಂದು ಅತ್ತೆಯ ಕಿವಿಗೆ ಇಟ್ಟುಕೊಂಡು, ತಲೆಗೆ ತಲೆ ಹಚ್ಚಿ ಕೂತಿದ್ದರು. ಅತ್ತೆಯ ಹೆಬ್ಬೆರಳು ವೈರಿನ ಮೇಲಿತ್ತು. ಶಾಸ್ತ್ರಿಗಳು ಏನು ಹೇಳಿದರೋ, ಇಬ್ಬರೂ ಒಟ್ಟಿಗೆ ನಕ್ಕರು. ಕಟ್ಟೆಯ ಮಂದಿ ನೋಡುತ್ತಿದ್ದರೂ ಅತ್ತೆ ಎದ್ದು ಒಳಗೆ ಹೋಗಲಿಲ್ಲ.

ನಾನು ಹೊಸ ವೈರು ಹಾಕಿ ತೋರಿಸಿದೆ. ಹಿಡಿಯುವುದೇ ಬೇಡ, ಆವಾಜು ಕಾಲುವೆಯ ನೀರಿನಂತೆ ಕಡಿಯದೆ ಹರಿಯುತ್ತಿತ್ತು. ಮಾವ ತಲೆ ತುಂಬ ಹೆಡ್‌ಫೋನು ಹಾಕಿಕೊಂಡು, ಖುಷಿಯಿಂದ ಒದರಿ, ನನ್ನನ್ನು ಹೊಗಳಿದರು. ಅತ್ತೆ ಸ್ವಲ್ಪ ಹೊತ್ತು ಖಾಲಿ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಆಮೇಲೆ ಎದ್ದು ಒಲೆ ಹಚ್ಚಲು ಹೋದರು.

ಮುಂದಿನ ಶನಿವಾರ ಬಂದಾಗ ನನ್ನ ವೈರು ಸುತ್ತಿ ಗೋಡೆಯ ಮೊಳೆಗೆ ನೇತುಹಾಕಿತ್ತು. ಟೇಪಿಗೆ ಅದೇ ಹಳೆಯ ಶಾವಿಗೆ ಎಳೆ. ನನಗೆ ಪಿತ್ತ ನೆತ್ತಿಗೇರಿತು. "ಯಾಕ್ರಿ ಅತ್ತಿ, ಆ ವೈರ್ ಬರೋಬ್ಬರಿ ಇಲ್ಲೇನ್ರಿ?" ಎಂದೆ.

ಅತ್ತೆ ಹಿಂದೆ ಮುಂದೆ ನೋಡಿ, ಪಡಸಾಲೆಯಲ್ಲಿದ್ದ ಮಾವನಿಗೆ ಕೇಳಿಬಿಟ್ಟೀತು ಎಂಬಂತೆ ದನಿ ಇಳಿಸಿದರು.

"ಛಲೋ ಅದ ಬೇ ನಿನ್ನ ವೈರು. ತನ್ನಷ್ಟಕ ತಾನ ನಡೀತದ. ಮತ್ತ ನಾ ಅಲ್ಲಿ ಏನಂತ ಹೇಳಿ ಕೂಡ್ಲಿ?"